ಹತ್ತು ಗಂಟೆಯ ಊಟದ ಊರು

ಬ್ಯೂನಸ್ ಐರಿಸ್‌ಗೆ ಹೊರಟಿರಾ? ಏಳೂವರೆಗೇ ಉಂಡು ಮಲಗುವ ಪೈಕಿಯಾದರೆ ಹೊಟ್ಟೆಗೆ ಮೊದಲೇ ಹೇಳಿಡಿ. ಅಲ್ಲಿ ರಾತ್ರಿ ಎಂಟಕ್ಕೆ ಹೋಟೆಲಿಗೆ ಹೋದರೆ ಮಾಣಿ ಇನ್ನೂ ಮೇಜಿಗೆ ಬಟ್ಟೆ ಹಾಸುತ್ತಿರುತ್ತಾನೆ. ಜನ ಸೇರುವುದು ಒಂಬತ್ತೂವರೆ ಮೇಲೆ. ಕೆಂಡದ ಮೇಲೆ ದನದ ಮಾಂಸ ಸುಡುವುದೇ ಭಾನುವಾರದ ವ್ರತವಾದ ಊರಲ್ಲಿ ಸಸ್ಯಾಹಾರಿ ಎಂದರೆ, 'ಹಾಗಾದರೆ ಕೋಳಿ ತರಲೇ?' ಎಂದು ಕನಿಕರಪಟ್ಟಾರು. ಜೋಳ ತುಂಬಿದ ಎಂಪನಾಡ ಕೇಳಿ: ಥೇಟ್ ನಮ್ಮ ಕರ್ಜಿಕಾಯಿ, ಸಿಹಿಯೊಂದಿಲ್ಲ.

1816ರ ಸ್ವಾತಂತ್ರ್ಯ ಘೋಷಣೆಯ ನೆನಪಿನ 'ಜುಲೈ ಒಂಬತ್ತು' ರಸ್ತೆಯನ್ನು ಒಂದೇ ಹಸಿರು ದೀಪಕ್ಕೆ ದಾಟುವವರು ಓಟಗಾರರು. ಮಿಕ್ಕವರು ನಡುವಿನ ಮರದಡಿ ನಿಂತು ಮುಂದಿನ ದೀಪ ಕಾಯಬೇಕು. ಬಸ್ಸಿಗೂ ಮೆಟ್ರೋಗೂ ಸುಬೆ ಕಾರ್ಡ್ ಇಟ್ಟುಕೊಳ್ಳಿ. ಡಿಸೆಂಬರಿಗೆ ಸ್ವೆಟರ್ ಬೇಡ, ಆಗಲ್ಲಿ ಬೇಸಿಗೆ. ಜುಲೈಗಾದರೆ ಮಫ್ಲರ್ ಸಮೇತ ಹೊರಡಿ.