ಎರಡೂವರೆ ಕ್ವಿಂಟಲ್ ನೀರು

ವರ್ಗಾವಣೆ ಆದೇಶದಲ್ಲಿ ಇದ್ದದ್ದು ನನ್ನೊಬ್ಬನ ಹೆಸರು. ಗೋಕಾಕದ ಸಾಲಿಯಿಂದ ಹುಕ್ಕೇರಿಯ ಸಾಲಿಗೆ, ವಿಜ್ಞಾನ ಮಾಸ್ತರ ಒಬ್ಬ. ಹೆಂಡತಿ, ಮಗಳು, ತಿಜೋರಿ, ಬೀಸುಕಲ್ಲು ಇವೆಲ್ಲ ಆದೇಶದಲ್ಲಿ ಇರದಿದ್ದರೂ ಬೆನ್ನಹಿಂದೆ ಬರುತ್ತವೆಂದು ಸರ್ಕಾರಕ್ಕೂ ಗೊತ್ತು. ಗೌಡ್ರ ಸಂಗತಿ ಮಾತ್ರ ಸರ್ಕಾರಕ್ಕೆ ಗೊತ್ತಿರಲಿಲ್ಲ.

ಗೌಡ್ರೆಂದರೆ ನಮ್ಮ ಆಸ್ಕರ್ ಮೀನು. ಹೆಸರಿಟ್ಟವಳು ಮಗಳು. ಬೆಳಗಾವಿಯಿಂದ ಪ್ಲಾಸ್ಟಿಕ್ ಚೀಲದೊಳಗೆ ಎರಡಿಂಚಿನ ಮರಿಯಾಗಿ ಬಸ್ಸಿನಲ್ಲಿ ಬಂದವರು ತಿಂದು ತಿಂದು ಹತ್ತಿಂಚಾಗಿದ್ದರು. ಮೂಲ ಅಮೆಜಾನ್ ಸೀಮೆ. ಆದರೆ ಹಸಿದಾಗ ಗಾಜಿಗೆ ಮೂತಿ ಹಚ್ಚಿ ನನ್ನನ್ನು ನೋಡುವ ರೀತಿ, ಕಟ್ಟೆಯ ಮೇಲೆ ಕೂತು ಆಳನ್ನು ಕರೆಯುವ ಗೌಡರದ್ದೇ. ಜೊತೆಗೆ ಎರಡು ಶಾರ್ಕು. ಹೆಸರಿಗೆ ಶಾರ್ಕು, ಜಾತಿಯಲ್ಲಿ ಬೆಕ್ಕುಮೀನು, ಎದೆಗಾರಿಕೆಯಲ್ಲಿ ನನ್ನ ಹಾಗೆ. ಬಾಗಿಲು ದಪ್ ಅಂದರೆ ಸಾಕು, ಗಾಜಿಗೆ ಹಾಯ್ದು ತಳಕ್ಕೆ ಬಿದ್ದು ಮೂರ್ಛೆ ಹೋಗುತ್ತವೆ.

ಇವರೆಲ್ಲ ಸಂಸಾರ ಹೂಡಿದ್ದ ಗಾಜಿನ ಪೆಟ್ಟಿಗೆ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಕೊಂಡದ್ದು 2019ರ ಆಗಸ್ಟಿನ ಮಹಾಪೂರ ಇಳಿದ ಮೇಲೆ. ಘಟಪ್ರಭೆ, ಮಾರ್ಕಂಡೇಯ ಎರಡೂ ಉಕ್ಕಿ, ಲೋಳಸೂರ ಸೇತುವೆ ಮುಳುಗಿ, ಗೋಕಾಕದ ಓಣಿಗಳಿಗೆ ಹೊಳೆ ನುಗ್ಗಿದ ವರ್ಷ ಅದು. "ಊರ ಮಂದಿ ಮನ್ಯಾಗಿನ ನೀರು ಹೊರಗ ಹಾಕಾಕತ್ತಾರ. ನೀವೊಬ್ರು ರೊಕ್ಕಾ ಕೊಟ್ಟು ಒಳಗ ತುಂಬಸ್ತೀರಿ" ಎಂದು ಹೆಂಡತಿ ಅಂದೇ ಹೇಳಿದ್ದಳು. 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ಎಂಬ ಪುಣ್ಯಾತ್ಮ 'ದಿ ಅಕ್ವೇರಿಯಂ' ಅಂತ ಪುಸ್ತಕ ಬರೆದು ಇಂಗ್ಲೆಂಡಿನವರಿಗೆ ಈ ಹುಚ್ಚು ಹಚ್ಚಿದ್ದನ್ನು ನಾನು ವಿವರಿಸಿದೆ. "ಅವರ ಮನ್ಯಾಗ ನೆಲಾ ಒರಸಾಕಿ ಯಾರಿದ್ಲು, ಅದನ್ನೂ ಬರದಾರೇನು?" ಅಂದಳು. ಪುಸ್ತಕ ನಾನು ಓದಿರಲಿಲ್ಲ.

ಸಾಮಾನು ಸಾಗಿಸಲು ಮೂಡಲಗಿಯಿಂದ ಹೆಂಡತಿಯ ತಮ್ಮ ತನ್ನ ಛೋಟಾ ಹಾಥಿ ತಗೊಂಡು ಬಂದ. ಬೆಲ್ಲ, ಗೊಂಜಾಳ, ಒಮ್ಮೆ ಮದುವೆ ಬ್ಯಾಂಡಿನವರನ್ನೂ ಹೇರಿದ ಗಾಡಿ ಅದು. ಪೆಟ್ಟಿಗೆಯನ್ನು ಒಂದು ಸುತ್ತು ಹಾಕಿ, ಎಮ್ಮೆ ನೋಡಿದ ಹಾಗೆ ನೋಡಿ, "ಮಾಮಾ, ಹಿಂಗ ಎತ್ತಿ ಇಟ್ಟಬಿಡೂಣು. ಮೀನಿಗೆ ಗೊತ್ತೂ ಆಗೂದಿಲ್ಲ" ಅಂದ.

ಮಾಸ್ತರನಿಗೆ ಇದಕ್ಕಿಂತ ಒಳ್ಳೆಯ ದಡ್ಡ ಮಾತು ಸಿಗುವುದಿಲ್ಲ. ಹಳೆ ಕ್ಯಾಲೆಂಡರಿನ ಬೆನ್ನ ಮೇಲೆ ಮಗಳ ಕೈಲಿ ಲೆಕ್ಕ ಬರೆಸಿದೆ. ಒಂಬತ್ತು ಘನ ಅಡಿ. ಒಂದು ಘನ ಅಡಿಗೆ ಇಪ್ಪತ್ತೆಂಟು ಲೀಟರ್ ಚಿಲ್ಲರೆ. ಒಟ್ಟು 255 ಲೀಟರ್, ಅಂದರೆ 255 ಕಿಲೋ.

"ಎರಡೂವರಿ ಕ್ವಿಂಟಲ್ಲ? ಐದು ಚೀಲ ಗೊಂಜಾಳ ಆತಲ್ಲ ಮಾಮಾ!"

ಗೊಂಜಾಳದ ಚೀಲ ಇಟ್ಟಲ್ಲಿ ಇರುತ್ತದೆ, ನೀರು ಇರುವುದಿಲ್ಲ, ಎತ್ತಿದೊಡನೆ ಒಂದು ಮಗ್ಗುಲಿಗೆ ಹೊರಳಿ ಗಾಜನ್ನು ತಳ್ಳುತ್ತದೆ, ಮೂಲೆಯ ಸಿಲಿಕಾನ್ ಬಿಡುತ್ತದೆ ಎಂದು ವಿವರಿಸಿದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಫಿಲ್ಟರಿನ ಸ್ಪಂಜಿನ ಪಾಠ ಶುರು ಮಾಡಿದೆ. ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತದೆ, ಅದು ವಿಷ. ಸ್ಪಂಜಿನೊಳಗಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡಿ ಪಾರುಮಾಡುತ್ತವೆ. ಸ್ಪಂಜು ಸಾಬೂನು ಕಾಣಬಾರದು, ಬಿಸಿಲು ಕಾಣಬಾರದು, ಒಣಗಬಾರದು. ನೀರು ಹೊಸದಾದರೂ ನಡೆದೀತು, ಹೊಲಸು ಮಾತ್ರ ಹಳೆಯದೇ ಬೇಕು. ಮೂರು ದಿನ ಉಣ್ಣುವಾಗ, ಗಂಟು ಕಟ್ಟುವಾಗ, ಬಾಜೂ ಮನೆಯವರು ಹಾಲು ಕೇಳಲು ಬಂದಾಗಲೂ ಈ ಪಾಠ ನಡೆಯಿತು. ಪ್ರಯಾಣದಲ್ಲಿ ನೀರು ಕೆಡಬಾರದೆಂದು ಗೌಡ್ರಿಗೆ ಎರಡು ದಿನ ಉಪವಾಸ ಹಾಕಿದ್ದೆ. ಅವರು ಗಾಜಿಗೆ ಮೂತಿ ಹಚ್ಚಿ ಪಾಠ ಕೇಳಿದರು. ಪೂರ್ತಿ ಕೇಳಿದವರು ಅವರೊಬ್ಬರೇ.

ಹೊರಡುವ ದಿನ ಪೈಪಿನ ಒಂದು ತುದಿ ನೀರಿಗಿಳಿಸಿ ಇನ್ನೊಂದನ್ನು ಬಾಯಿಂದ ಎಳೆದೆ. ನೀರು ಬರುವ ಒಂದು ಕ್ಷಣ ಮೊದಲು ಬಾಯಿ ತೆಗೆಯಬೇಕು, ಅದೇ ಈ ವಿದ್ಯೆಯ ಗುಟ್ಟು. ಆ ಕ್ಷಣಕ್ಕೆ ಸರಿಯಾಗಿ ಹೆಂಡತಿಯ ತಮ್ಮ "ಮಾಮಾ, ಈ ನೀರು ಕುಡದ್ರ ಏನಾಕ್ಕೈತಿ?" ಅಂದ. ಗೌಡ್ರ ಸಂಸಾರದ ಸಾರವೆಲ್ಲ ನನ್ನ ಗಂಟಲಲ್ಲಿತ್ತು, ಉತ್ತರ ಕೊಡಲಾಗಲಿಲ್ಲ. ಉಳಿದ ನೀರನ್ನು ಹೆಂಡತಿ ಮಲ್ಲಿಗೆ ಬಳ್ಳಿಗೆ ಹೊತ್ತು ಹಾಕಿದಳು. ನೈಟ್ರೇಟಿನ ಉಪಯೋಗ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆ ನೀರು ಹಾಕಿದರೆ ಹೂ ಹೆಚ್ಚಾಗುತ್ತವೆ ಎಂದಷ್ಟೇ ಅವಳಿಗೆ ಗೊತ್ತು.

ಶಾರ್ಕುಗಳು ಬಲೆ ಕಂಡದ್ದೇ ಮೂರ್ಛೆ ಹೋದವು, ಹಿಡಿಯುವುದು ಸಲೀಸಾಯಿತು. ಪುಕ್ಕಲುತನದಿಂದ ಯಾರಿಗಾದರೂ ಅನುಕೂಲವಾದದ್ದನ್ನು ನಾನು ಕಂಡದ್ದು ಅದೇ ಮೊದಲು. ದಪ್ಪ ಚೀಲದಲ್ಲಿ ಒಂದು ಪಾಲು ನೀರು, ಎರಡು ಪಾಲು ಗಾಳಿ ಹಿಡಿಸಿ ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟೆವು. ಗೌಡ್ರು ಮಾತ್ರ ಬಲೆ ಹರಿದರು, ನನ್ನ ಕನ್ನಡಕ ತೋಯಿಸಿದರು. ಕೊನೆಗೆ ಮಗಳು ಬಣ್ಣದ ಬಕೀಟು ಅಡ್ಡ ಮುಳುಗಿಸಿ "ಬರ್ರಿ ಗೌಡ್ರ" ಅಂದಳು. ಒಳಗೆ ಬಂದರು.

ಬಕೀಟು ನನ್ನ ತೊಡೆಯ ಮೇಲೆ, ಅದರೊಳಗೆ ಸೆಲ್ಲಿನ ಗಾಳಿ ಪಂಪು. ಗೋಕಾಕ ಫಾಲ್ಸ್, ಕೊಣ್ಣೂರ ದಾಟುವಷ್ಟರಲ್ಲಿ ಪ್ರತಿ ಹಂಪಿಗೆ ಒಂದೊಂದು ತಂಬಿಗೆ ನೀರು ನನ್ನ ಪ್ಯಾಂಟಿಗೆ ಇಳಿದಿತ್ತು. ಧೂಪದಾಳ ಬರುತ್ತಿದ್ದಂತೆ ಹೆಂಡತಿಯ ತಮ್ಮ, "ಇಲ್ಲೇ ಒಂದೊಂದು ಕಪ್ ಚಾ ಕುಡದು ಹೋಗೂಣು ಮಾಮಾ" ಅಂದ. ಧೂಪದಾಳ ಅಂದರೆ ಘಟಪ್ರಭಾ ಪಕ್ಷಿಧಾಮ. ಯುರೋಪಿನಿಂದ ಬಿಳಿ ಕೊಕ್ಕರೆಗಳು ಬಂದಿಳಿಯುವ ಜಾಗ. ಎರಡು ದಿನದ ಉಪವಾಸಿ ಗೌಡ್ರನ್ನು ಅಂಥ ಕಡೆ ತೊಡೆಯ ಮೇಲೆ ಇಟ್ಟುಕೊಂಡು ಚಹಾ ಕುಡಿಯುವ ಧೈರ್ಯ ನನಗಾಗಲಿಲ್ಲ. ಬಕೀಟಿಗೆ ಟಾವೆಲ್ ಮುಚ್ಚಿ, "ಗಾಡಿ ಹೊಡಿ" ಅಂದೆ.

ಹುಕ್ಕೇರಿಯಲ್ಲಿ ಮನೆ ಮಾಲಕರು ಬಾಗಿಲಲ್ಲೇ ನಿಂತಿದ್ದರು. ಸೊಂಟದ ಕೆಳಗೆ ಪೂರ್ತಿ ತೊಯ್ದ ಹೊಸ ಬಾಡಿಗೆದಾರನನ್ನು ಅವರು ಏನೂ ಕೇಳಲಿಲ್ಲ, ಹಿರಿಯರು. ಮರ್ಯಾದೆ ಉಳಿಸಿಕೊಳ್ಳಲು ನಾನೇ ಅವಸರ ಮಾಡಿದೆ. ಗೋಕಾಕದಿಂದ ಬಂದವನು ಬರಿಗೈಲಿ ಬರಬಾರದು. ಹೆಂಡತಿಯ ಚೀಲದಲ್ಲಿ ಕರದಂಟಿನ ಸ್ಟೀಲ್ ಡಬ್ಬಿ ಕಂಡಿತು. "ತಗೋರಿ ಕಾಕಾ, ನಮ್ಮೂರ ಕರದಂಟು" ಎಂದು ಮುಚ್ಚಳ ತೆಗೆದು ಮುಂದೆ ಹಿಡಿದೆ.

ಒಳಗೆ ಕಂದು ನೀರು. ಅದರ ನಡುವೆ ಕರ್ರಗೆ, ಲೋಳೆ ಲೋಳೆಯಾಗಿ, ಅಂಗೈಯಗಲದ ಒಂದು ವಸ್ತು.

ಕಾಕಾ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ಮಾಸ್ತರ, ಈ ಸಲ ಅಂಟು ಸ್ವಲ್ಪ ಜಾಸ್ತಿ ಆಗೇತೇನ್ರಿ?" ಅಂದರು.

"ಸ್ಪಂಜ್ ತುಳಸಿಕಟ್ಟಿ ಮ್ಯಾಲ ಬಿಟ್ಟು ಗಾಡಿ ಹತ್ತಿದ್ರಿ" ಎಂದು ಒಳಗಿನಿಂದ ಹೆಂಡತಿಯ ದನಿ ಬಂತು. "ಬಿಸಲು ಬಿದ್ದಿತ್ತು. ಮೂರು ದಿನಾ ಕೇಳೀನಲ್ಲ ಪಾಠಾ, ಅವರದ ನೀರು ಹಾಕಿ ಮುಚ್ಚಿಟ್ಟೆ." ಇದ್ದ ಕರದಂಟನ್ನು, ಡಬ್ಬಿ ಖಾಲಿಯಾಗಬೇಕಲ್ಲ ಎಂದು, ಅಕ್ಕ ತಮ್ಮ ಗೋಕಾಕದಲ್ಲೇ ತಿಂದು ಮುಗಿಸಿದ್ದರು.

ಕ್ಲೋರಿನ್ ಹೋಗಲೆಂದು ಹಿಂದಿನ ದಿನವೇ ನಳದ ನೀರು ಹಿಡಿಸಿಟ್ಟಿದ್ದೆ, ಅದೊಂದು ಸರಿಯಾಗಿತ್ತು. ಚೀಲಗಳನ್ನು ಇಪ್ಪತ್ತು ನಿಮಿಷ ತೇಲಿಬಿಟ್ಟು ನೀರಿನ ಬಿಸಿ ಹೊಂದಿಸಿದೆ. ಆಮೇಲೆ ನೋಡುತ್ತೇನೆ, ಪ್ಲಗ್ಗು ಎದುರು ಗೋಡೆಯಲ್ಲಿ! 1969ರಲ್ಲಿ ಸ್ವಂತ ವಿದ್ಯುತ್ ಸಹಕಾರ ಸಂಘ ಕಟ್ಟಿಕೊಂಡ ತಾಲೂಕು ಹುಕ್ಕೇರಿ. ಅಂಥ ಊರಿನಲ್ಲಿ ಕರೆಂಟಿನಿಂದ ಹನ್ನೊಂದು ಅಡಿ ದೂರ ಪೆಟ್ಟಿಗೆ ಇಡಿಸಿದ ಕೀರ್ತಿ ನನ್ನದು. ನೀರು ತುಂಬಿಯಾಗಿತ್ತು. ಐದು ಚೀಲ ಗೊಂಜಾಳ.

ವೈರು ಎಳೆದು, ಪಂಪು ಹಚ್ಚಿ, ಗೌಡ್ರನ್ನು ಬಿಟ್ಟೆವು. ಅವರು ಒಂದು ಸುತ್ತು ಬಂದು, ಮೂಲೆಗೆ ಹೋಗಿ, ಮಗ್ಗುಲಾಗಿ ತಳದ ಮೇಲೆ ಮಲಗಿಬಿಟ್ಟರು. ಮಗಳು ಅಳಲು ಶುರು ಮಾಡಿದಳು. ಜಾಗ ಬದಲಾದರೆ ಆಸ್ಕರ್ ಹೀಗೆ ಸಿಟ್ಟು ಮಾಡಿಕೊಂಡು ಮಲಗುತ್ತದೆಂದು ಓದಿದ್ದೆ, ಆದರೆ ಆ ಹೊತ್ತಿಗೆ ನನ್ನ ಓದಿನ ಮೇಲೆ ನನಗೇ ನಂಬಿಕೆ ಉಳಿದಿರಲಿಲ್ಲ. ಸೊಂಟ ಹಿಡಿದುಕೊಂಡಿತ್ತು. ಪೆಟ್ಟಿಗೆಯ ಮುಂದೆ ಗಾದಿ ಹಾಸಿ ನಾನೂ ಮಗ್ಗುಲಾದೆ.

ಹೆಂಡತಿ ರೊಟ್ಟಿ ಬುಟ್ಟಿ ಹಿಡಿದು ಬಂದು ಒಮ್ಮೆ ಗಾಜಿನೊಳಗೆ ನೋಡಿದಳು, ಒಮ್ಮೆ ಗಾದಿಯ ಮೇಲೆ.

"ಇಬ್ರಾಗ ಮೊದಲ ಯಾರು ಏಳ್ತೀರೋ, ಅವ್ರಿಗೆ ಮೊದಲ ಊಟ."

ಮರುದಿನ ಮಧ್ಯಾಹ್ನ ಗೌಡ್ರೇ ಮೊದಲು ಎದ್ದರು.