ಸಂಬಂಧ ಕೂಡಿಸಿದ್ದು ಸಾಕು, ಬಿಡಿಸುವವರು ಯಾರು?

ಸಂಬಂಧ ಕೂಡಿಸುವುದನ್ನು ಕಾರ್ಕಳದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಡುಬಿದ್ರಿಯಲ್ಲಿ ಬಸ್ಸು ಹತ್ತಿ ಪಕ್ಕದಲ್ಲಿ ಕೂತವರು ಬೆಳ್ಮಣ್ ಬರುವಾಗ "ನಿಮ್ಮದು ಯಾವ ಮನೆ ಆಯ್ತು?" ಅನ್ನುತ್ತಾರೆ, ನಿಟ್ಟೆ ದಾಟುವಾಗ ನಿಮ್ಮ ಅತ್ತೆಯ ಕಡೆಯಿಂದ ಹತ್ತಿರದ ನೆಂಟರೇ ಆಗಿರುತ್ತಾರೆ. ಇಂಥವರಿಗೆ ಫೋನಿಗೂ ಕಂಪ್ಯೂಟರಿಗೂ ಗಂಟು ಹಾಕುವುದು ಯಾವ ಲೆಕ್ಕ? ಪರದೆಯ ಮೇಲಿನ ಕ್ಯೂಆರ್ ಕೋಡಿಗೆ ಫೋನ್ ಹಿಡಿದರೆ ಮುಗಿಯಿತು, ಮುಹೂರ್ತವೂ ಬೇಡ, ಜಾತಕವೂ ಬೇಡ. ಬಿಡಿಸಿಕೊಳ್ಳುವ ಹೊತ್ತು ಬಂದಾಗ ಮಾತ್ರ ಎಲ್ಲರಿಗೂ ಒಮ್ಮೆಲೇ ಬಸ್ಸಿಗೆ ತಡವಾಗುತ್ತದೆ.

ನಂಬಿಕೆ ಬಾರದಿದ್ದರೆ ತಾಲೂಕು ಕಚೇರಿಯ ಆಸುಪಾಸಿನ ಯಾವುದಾದರೂ ಜೆರಾಕ್ಸ್ ಅಂಗಡಿಯಲ್ಲಿ ಹತ್ತು ನಿಮಿಷ ನಿಂತು ನೋಡಿ.

"ಒಂದು ಆರ್‌ಟಿಸಿ ಪ್ರಿಂಟ್ ಬೇಕಿತ್ತಲ್ಲ ಅಣ್ಣ."

"ಎಲ್ಲುಂಟು?"

"ವಾಟ್ಸಾಪಲ್ಲುಂಟು."

"ಹಾಗಾದ್ರೆ ಇದಕ್ಕೆ ಹಿಡೀರಿ."

ಹಿಡಿದರು, ಪ್ರಿಂಟ್ ಬಂತು, ದುಡ್ಡು ಕೊಟ್ಟರು, ಚಿಲ್ಲರೆ ಎಣಿಸಿ ಎಣಿಸಿ ಕಿಸೆಗೆ ಹಾಕಿಕೊಂಡು ನಡೆದರು. ಎಣಿಸದೆ ಬಿಟ್ಟುಹೋದದ್ದು ಇಡೀ ಸಂಸಾರವನ್ನು! ಪರದೆಯ ಮೇಲೆ ಮನೆಯ ಗ್ರೂಪು ಹಾಗೇ ತೆರೆದುಕೊಂಡಿದೆ. "ಬರುವಾಗ ಬಂಗುಡೆ ತನ್ನಿ, ಹೆಚ್ಚು ಕೊಟ್ಟು ಬರಬೇಡಿ" ಎಂದು ಹೆಂಡತಿ. ಅದರ ಕೆಳಗೆ ಅಳಿಯನ ಹೊಸ ಕಾರಿನ ಬಗ್ಗೆ ನಾದಿನಿಯ ಎರಡು ನಿಮಿಷದ ವಾಯ್ಸ್ ಮೆಸೇಜು. ಸಾಲಿನಲ್ಲಿ ಮುಂದೆ ನಿಂತವರು ಪಕ್ಕದ ಮನೆಯವರೇ ಆಗಿದ್ದರೆ, ಬಂಗುಡೆ ಎಷ್ಟಕ್ಕೆ ಬಂತೆಂದು ಸಂಜೆ ಅವರೇ ಬೇಲಿಯಾಚೆಯಿಂದ ವಿಚಾರಿಸುತ್ತಾರೆ. ಅಂಗಡಿಯವರು ಪಾಪ, ಒಳ್ಳೆಯವರಾದರೆ ತಾವೇ ಲಾಗ್‌ಔಟ್ ಒತ್ತುತ್ತಾರೆ. ಆದರೆ ಊರವರ ಗುಟ್ಟು ಮುಚ್ಚುವುದಕ್ಕೆ ಪ್ರತಿಗೆ ಇಷ್ಟು ಎಂದು ಅವರೇನೂ ಬೋರ್ಡು ಹಾಕಿಲ್ಲ.

ಈ ವಾಟ್ಸಾಪ್ ವೆಬ್ ಹುಟ್ಟಿದ್ದು 2015ರ ಜನವರಿಯಲ್ಲಿ. ನಮ್ಮ ಬಾಹುಬಲಿಗೆ ಹನ್ನೆರಡು ವರ್ಷಕ್ಕೊಮ್ಮೆಯ ಮಹಾಮಸ್ತಕಾಭಿಷೇಕ ನಡೆದದ್ದೂ ಅದೇ ತಿಂಗಳು. ಗೆದ್ದ ರಾಜ್ಯವನ್ನೂ ಬೇಡವೆಂದು ಬಿಟ್ಟವನ 42 ಅಡಿಯ ಮೂರ್ತಿ 1432ರಿಂದ ಗುಡ್ಡದ ಮೇಲೆ ನಿಂತಿದೆ. ಕೆಳಗಿರುವ ನಮಗೆ ಹಾಳಾದ ಸೆಟ್ಟಿನ ಹೆಸರನ್ನೂ ಬಿಡಲಾಗುವುದಿಲ್ಲ.

ಆಗೆಲ್ಲ ಒಂದು ಧೈರ್ಯವಿತ್ತು. ಫೋನ್ ಆಫ್ ಮಾಡಿದರೆ ಕಂಪ್ಯೂಟರಿನ ವಾಟ್ಸಾಪೂ ಬಾಯಿ ಮುಚ್ಚಿಕೊಳ್ಳುತ್ತಿತ್ತು. 2021ರಲ್ಲಿ ಆ ಕಟ್ಟುಪಾಡು ಸಡಿಲವಾಯಿತು. ಈಗ ಫೋನ್ ಮನೆಯಲ್ಲಿ ಚಾರ್ಜಿಲ್ಲದೆ ಮಲಗಿದ್ದರೂ ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮ ಮೆಸೇಜು ಬರುತ್ತಲೇ ಇರುತ್ತದೆ. 14 ದಿನ ಫೋನ್ ಮುಟ್ಟದೇ ಇದ್ದರೆ ತಾನಾಗಿಯೇ ಕಡಿದುಹೋಗುತ್ತದಂತೆ. ಹದಿನಾಲ್ಕು ದಿನ ಫೋನ್ ಮುಟ್ಟದವರು ನಮ್ಮ ಜಿಲ್ಲೆಯಲ್ಲಿ ಯಾರಿದ್ದಾರೆ ಮಾರಾಯ್ರೆ?

ಲ್ಯಾಪ್‌ಟಾಪಿಗೆ ಫೋನ್ ಜೋಡಿಸುವ ಮೈಕ್ರೋಸಾಫ್ಟಿನ ಫೋನ್ ಲಿಂಕಿನದು ಬೇರೆಯೇ ಕಥೆ. 2018ರಲ್ಲಿ ಯುವರ್ ಫೋನ್ ಎಂದು ಬಂದದ್ದು, 2022ರಲ್ಲಿ ಹೆಸರು ಬದಲಿಸಿಕೊಂಡಿತು. ಆ್ಯಪೇ ಹಳೆ ಹೆಸರು ಬಿಟ್ಟರೂ ಅದರೊಳಗಿನ ಪಟ್ಟಿ ಬಿಟ್ಟಿಲ್ಲ. ಮಳೆಗಾಲದಲ್ಲಿ ನೀರು ಕುಡಿದು ತೀರಿಕೊಂಡ ಸೆಟ್ಟು, ತಮ್ಮನಿಗೆ ಕೊಟ್ಟ ಸೆಟ್ಟು, ಎಕ್ಸ್‌ಚೇಂಜಿಗೆ ಹೋದ ಸೆಟ್ಟು, ಎಲ್ಲವೂ ಸಾಲಾಗಿ ಕೂತಿವೆ. ಕಂಪ್ಯೂಟರಿನ ಸೆಟ್ಟಿಂಗ್ಸಿಗೆ ಹೋಗಿ ಹಳೆ ಫೋನಿನ ಪಕ್ಕದ ಮೂರು ಚುಕ್ಕೆ ಒತ್ತಿ ರಿಮೂವ್ ಕೊಟ್ಟರೆ ಅರ್ಧ ಕೆಲಸ. ಕೈಯಲ್ಲಿರುವ ಫೋನಾದರೆ ಅದರ ಲಿಂಕ್ ಟು ವಿಂಡೋಸ್ ಒಳಗೂ ಕಂಪ್ಯೂಟರಿನ ಹೆಸರು ತೆಗೆಯಬೇಕು. ಕರೆ ಬರಲೆಂದು ಬ್ಲೂಟೂತ್ ಬೇರೆ ಜೋಡಿಸಿದ್ದೀರಲ್ಲ, ಅಲ್ಲಿಯೂ ಒಮ್ಮೆ ಫರ್ಗೆಟ್ ಅನ್ನಬೇಕು. ಒಬ್ಬರು ಬಿಟ್ಟೆ ಅಂದರೆ ಸಾಲದು, ಇಬ್ಬರ ಬಾಯಲ್ಲೂ ಬರಬೇಕು. ಕೋರ್ಟಿನವರೇ ಇದನ್ನು ಬರೆದುಕೊಟ್ಟ ಹಾಗಿದೆ.

ಕಾರು ಮಾರುವವರೂ ಇದೇ ಜಾತಿ. ಎಂಜಿನ್ ತೊಳೆಸಿ, ಸೀಟಿಗೆ ಹೊಸ ಕವರ್ ಹಾಕಿಸಿ, ದೇವರ ಫೋಟೋ ಜಾಗ್ರತೆಯಾಗಿ ತೆಗೆದಿಟ್ಟುಕೊಳ್ಳುತ್ತಾರೆ. ಸ್ಟೀರಿಯೋದೊಳಗೆ ಅವರ ಫೋನಿನ ಹೆಸರು, ಕೆಲವು ಕಾರುಗಳಲ್ಲಿ ನಂಬರುಗಳ ಪಟ್ಟಿಯೂ, ಹೊಸ ಯಜಮಾನನ ಜೊತೆ ಆಗುಂಬೆ ಘಾಟಿ ಹತ್ತುತ್ತದೆ.

ನಮ್ಮ ಕೇರಿಯ ನಿವೃತ್ತ ಮಾಷ್ಟ್ರಿಗೆ ಇದನ್ನೆಲ್ಲ ಹೇಳಿದ್ದಕ್ಕೆ ಸ್ವಲ್ಪ ಹೆದರಿ, "ನನ್ನದನ್ನೂ ಒಮ್ಮೆ ನೋಡಿ" ಎಂದು ಫೋನ್ ನೀಡಿದರು. ವಾಟ್ಸಾಪಿನ ಮೂರು ಚುಕ್ಕೆ, ಅದರೊಳಗೆ ಲಿಂಕ್ಡ್ ಡಿವೈಸಸ್. ಫೋನಲ್ಲದೆ ಇನ್ನೂ ನಾಲ್ಕಕ್ಕೆ ಅವಕಾಶ. ಮಾಷ್ಟ್ರು ನಾಲ್ಕನ್ನೂ ಭರ್ತಿ ಮಾಡಿದ್ದರು. ಈ ಪಟ್ಟಿಯ ಕಷ್ಟವೇನೆಂದರೆ, ಕ್ರೋಮ್, ವಿಂಡೋಸ್ ಅನ್ನುತ್ತದೆಯೇ ಹೊರತು ಯಾವ ಅಂಗಡಿ, ಯಾವ ಬೀದಿ ಎಂದು ಹೇಳುವುದಿಲ್ಲ. ಕೊನೆಗೆ ಬಳಸಿದ ಹೊತ್ತು ನೋಡಿಯೇ ಊಹಿಸಬೇಕು. ಒಂದು ಮಗನ ಲ್ಯಾಪ್‌ಟಾಪಂತೆ, ಇರಲಿ. ಎರಡು ಯಾವುದೋ ಕಾಲದ್ದು, ಲಾಗ್‌ಔಟ್ ಒತ್ತಿದೆವು. ನಾಲ್ಕನೆಯದರ ಮೇಲೆ ಇವತ್ತು ಬೆಳಿಗ್ಗೆಯ ಹೊತ್ತು ತೋರಿಸುತ್ತಿತ್ತು.

"ಇದು ಯಾರದ್ದು ಮಾಷ್ಟ್ರೇ?"

"ನಂಗೆ ಗೊತ್ತಿಲ್ಲ."

"ತೆಗೆಯುವ ಹಾಗಾದ್ರೆ."

ಮಾಷ್ಟ್ರು ಫೋನ್ ಹಿಂದಕ್ಕೆ ಎಳೆದುಕೊಂಡರು. "ಅದೊಂದು ಇರ್ಲಿ ಮಾರಾಯ್ರೆ. ನಾನು ಬೆಳಿಗ್ಗೆ ಹಾಕುವ ಸುಭಾಷಿತ ಓದುವವರು ಅವರೊಬ್ಬರೇ ಇರಬೇಕು."