ಅಕ್ರಮ ಸಕ್ರಮದ ನಾಡು

ಊರು ಹುಟ್ಟಿದ ಕಥೆಗಳನ್ನು ಓದುವಾಗೆಲ್ಲ ನನಗೊಂದು ಗುಮಾನಿ. ಎಲ್ಲವೂ ಶುಭಮುಹೂರ್ತದಲ್ಲಿ, ಎಲ್ಲರ ಒಪ್ಪಿಗೆ ಪಡೆದೇ ನಡೆದಿರಲು ಸಾಧ್ಯವೇ? ಇಟಲಿಯ ಬೂಟಿನ ಹಿಮ್ಮಡಿಯಲ್ಲಿರುವ ಪುಲಿಯಾ ನನಗೆ ಇಷ್ಟವಾಗುವುದು ಅದಕ್ಕೇ. ಅಲ್ಲಿನ ಊರುಗಳು ತಮ್ಮ ಜಾತಕ ತಿದ್ದಿಕೊಂಡಿಲ್ಲ.

ತಾರಂತೊವನ್ನೇ ನೋಡಿ. ಸ್ಪಾರ್ಟಾದ ಗಂಡಸರು ವರ್ಷಗಟ್ಟಲೆ ಯುದ್ಧದಲ್ಲಿದ್ದಾಗ ಇತ್ತ ಊರಲ್ಲಿ ಮದುವೆಯಿಲ್ಲದೆ ಮಕ್ಕಳಾದವು. ಬೆಳೆದು ನಿಂತ ಆ ಮಕ್ಕಳು ಹಕ್ಕು ಕೇಳಿದಾಗ ಹಿರಿಯರು ಹಡಗು ಹತ್ತಿಸಿ ಕಳಿಸಿದರಂತೆ. ಪರಂಪರೆಯ ಲೆಕ್ಕದಲ್ಲಿ ಅದು ಕ್ರಿ.ಪೂ. 706. ಶುಭ್ರ ಆಕಾಶದಿಂದ ಮಳೆ ಬಿದ್ದ ದಿನ ನೆಲ ಸಿಗುತ್ತದೆಂದು ಅವರ ನಾಯಕ ಫಲಾಂಥಸ್‌ಗೆ ಡೆಲ್ಫಿಯ ದೈವವಾಣಿಯಾಗಿತ್ತು. ಸೋತು ಸುಣ್ಣವಾದವನು ಹೆಂಡತಿಯ ತೊಡೆಯ ಮೇಲೆ ತಲೆಯಿಟ್ಟ. ಹೇನು ಹೆಕ್ಕುತ್ತಿದ್ದವಳಿಗೆ ಅಳು ಬಂತು. ಕಣ್ಣೀರು ಅವನ ತಲೆಗೆ ತೊಟ್ಟಿಕ್ಕಿತು. ಆಕೆಯ ಹೆಸರು ಐಥ್ರಾ, ಅಂದರೆ ಶುಭ್ರಾಕಾಶ! ಅಂದೇ ರಾತ್ರಿ ಊರು ವಶವಾಯಿತು. ಹೇನಿಗೆ ಚರಿತ್ರೆಯಲ್ಲಿ ಇಷ್ಟು ಗೌರವ ಇನ್ನೆಲ್ಲೂ ಸಿಕ್ಕಿರಲಾರದು.

ಬಾರಿ ಪಟ್ಟಣದವರು ಇನ್ನೂ ಒಂದು ಕೈ ಮೇಲು. 1087ರಲ್ಲಿ ಅಲ್ಲಿನ ನಾವಿಕರು ಈಗಿನ ಟರ್ಕಿಯ ಮೈರಾಗೆ ಹೋಗಿ, ಸಮಾಧಿ ಒಡೆದು, ಸಂತ ನಿಕೋಲಾಸನ ಮೂಳೆಗಳನ್ನೇ ಹೊತ್ತು ತಂದರು. ಸಾಂಟಾ ಕ್ಲಾಸ್‌ನ ಮೂಲಪುರುಷ ಈತನೇ. ಕೇಳದೆ ಕೊಡುವವನನ್ನು ಕೇಳದೆ ಒಯ್ದರೆ ತಪ್ಪೇನು ಎಂದುಕೊಂಡರೋ ಏನೋ! ಎರಡೇ ವರ್ಷಕ್ಕೆ ಪೋಪ್ ಎರಡನೆಯ ಅರ್ಬನ್ ಖುದ್ದಾಗಿ ಬಂದು ಮೂಳೆಗಳನ್ನು ಹೊಸ ಗುಡಿಯ ನೆಲಮಾಳಿಗೆಯಲ್ಲಿ ಪ್ರತಿಷ್ಠಾಪಿಸಿದ. ಅಲ್ಲಿಗೆ ಕಡತ ಮುಗಿಯಿತು. ಆ ಕಳವಿಗೆ ಪ್ರತಿ ಮೇ ತಿಂಗಳಲ್ಲಿ ಈಗಲೂ ಉತ್ಸವ ನಡೆಯುತ್ತದೆ. ಸಂತನ ಮೂರ್ತಿಗೆ ತೆಪ್ಪೋತ್ಸವವೂ ಉಂಟು.

ಅಲ್ಬೆರೊಬೆಲ್ಲೊದ ಕಥೆ ತೆರಿಗೆಯದು. ಹೊಸ ಊರು ಎದ್ದರೆ ನೇಪಲ್ಸ್‌ನ ದೊರೆಯ ಅಪ್ಪಣೆ ಬೇಕು, ಕಂದಾಯ ಕಟ್ಟಬೇಕು. ಅಲ್ಲಿನ ಜಹಗೀರುದಾರರು ಒಕ್ಕಲುಗಳಿಗೆ ಹೇಳಿದ್ದಿಷ್ಟು: ಮನೆ ಕಟ್ಟಿಕೊಳ್ಳಿ, ಗಾರೆ ಮಾತ್ರ ಹಾಕಬೇಡಿ. ಹೀಗೆ ಎದ್ದವೇ ಗೋಪುರದ ಟೋಪಿ ತೊಟ್ಟ ‘ತ್ರುಲ್ಲಿ’ ಮನೆಗಳು. ತನಿಖೆಯವರು ಬರುವ ಸುದ್ದಿ ಮುಟ್ಟಿದರೆ ಮನೆಯೆಲ್ಲ ಕಲ್ಲಿನ ಗುಡ್ಡೆ. ಅವರು ಬೆನ್ನು ಹಾಕಿದರೆ ಗುಡ್ಡೆಯೆಲ್ಲ ಮತ್ತೆ ಮನೆ. 1797ರಲ್ಲಿ ದೊರೆ ಫರ್ಡಿನಾಂಡ್ ಊರನ್ನು ಜಹಗೀರಿನಿಂದ ಬಿಡಿಸಿದ. 1996ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕೆಡವಲೆಂದೇ ಕಟ್ಟಿದ ಮನೆಗಳು ಬೀಳದಂತೆ ಈಗ ಸರ್ಕಾರವೇ ಕಾಯಬೇಕು!

ಬ್ರಿಂಡಿಸಿ ಬಂದು ಹೋಗುವವರ ಊರು. 1870ರ ನಂತರ ಲಂಡನ್ನಿನ ಟಪಾಲು ರೈಲಿನಲ್ಲಿ ಇಲ್ಲಿಗೆ ಬಂದು, ಹಡಗೇರಿ ಬೊಂಬಾಯಿಗೆ ಹೋಗುತ್ತಿತ್ತು. ದುಂಡುಮೇಜಿನ ಪರಿಷತ್ತು ಮುಗಿಸಿದ ಗಾಂಧೀಜಿ 1931ರ ಡಿಸೆಂಬರಿನಲ್ಲಿ ಊರ ಕಡೆ ಹೊರಟಿದ್ದೂ ಇಲ್ಲಿಂದಲೇ. 1943ರಲ್ಲಿ ಇಟಲಿಯ ರಾಜ ರೋಮ್ ಬಿಟ್ಟು ಓಡಿಬಂದು ಇಲ್ಲಿ ಬಿಡಾರ ಹೂಡಿದ. ಓಡಿಬಂದವನು ರಾಜನಾದ್ದರಿಂದ ಊರು ಕೆಲವು ತಿಂಗಳು ರಾಜಧಾನಿಯಾಯಿತು.

ಹಾಗಾದರೆ ಕ್ರಮಬದ್ಧವಾಗಿ ಕಟ್ಟಿದ್ದು ಏನೂ ಇಲ್ಲವೇ? ಇದೆ. 13ನೆಯ ಶತಮಾನದಲ್ಲಿ ಸಾಕ್ಷಾತ್ ಚಕ್ರವರ್ತಿ ಎರಡನೆಯ ಫ್ರೆಡರಿಕ್ ಗುಡ್ಡದ ಮೇಲೆ ಕಟ್ಟಿಸಿದ ಕಾಸ್ತೆಲ್ ದೆಲ್ ಮೊಂತೆ. ಎಂಟು ಮೂಲೆ, ಎಂಟು ಗೋಪುರ, ಅಂತಸ್ತಿಗೆ ಎಂಟು ಕೋಣೆ. ಗೆರೆ ಎಳೆದಂಥ ಶಿಸ್ತು. ಆದರೆ ಕಂದಕವಿಲ್ಲದ ಆ ಕೋಟೆಯನ್ನು ಏಕೆ ಕಟ್ಟಿಸಿದನೆಂದು ಪಂಡಿತರು ಇನ್ನೂ ಜಗಳವಾಡುತ್ತಿದ್ದಾರೆ. ಇಟಲಿ ಸರ್ಕಾರ ಅದರ ಚಿತ್ರವನ್ನು ನಾಣ್ಯದ ಮೇಲೆ ಅಚ್ಚೊತ್ತಿಸಿತು, ಅದೂ ಎಲ್ಲಕ್ಕಿಂತ ಚಿಕ್ಕದಾದ 1 ಸೆಂಟಿನ ಮೇಲೆ. 2018ರಿಂದ ಆ ನಾಣ್ಯ ಟಂಕಿಸುವುದನ್ನೂ ನಿಲ್ಲಿಸಿತು.